ಕಪಾಟಿನಲ್ಲೇ ಉಳಿದ ಟಿ.ಸಿ.ಗಳು ಮತ್ತು ನಮ್ಮ ವಿಶ್ವವಿದ್ಯಾಲಯಗಳು

ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹಳೆಯ ಕಬ್ಬಿಣದ ಕಪಾಟೊಂದಿದೆ. ಕಳೆದ ಬಾರಿ ಅಲ್ಲಿಗೆ ಹೋದಾಗ ಅವರು ಅದರ ಎರಡನೆಯ ಖಾನೆಯಿಂದ ರಬ್ಬರ್ ಬ್ಯಾಂಡ್ ಹಾಕಿದ ಕಾಗದದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎಸ್‌ಎಸ್‌ಎಲ್‌ಸಿ ಪಾಸಾದ ಮಕ್ಕಳ ಅಂಕಪಟ್ಟಿಗಳು ಅವು. ಒಂದೊಂದರ ಹಿಂದೆಯೂ ಫಲಿತಾಂಶ ಬಂದ ವಾರದಲ್ಲೇ ಬರೆದು, ಸಹಿ ಮಾಡಿ, ಮೊಹರು ಹಾಕಿಟ್ಟ ವರ್ಗಾವಣೆ ಪತ್ರ. ಮೂರು ವರ್ಷಗಳಲ್ಲಿ ಹೀಗೆ ಉಳಿದುಕೊಂಡವು ಹದಿನೇಳು. ಪಿಯು ಕಾಲೇಜಿಗಾಗಲಿ, ಐಟಿಐಗಾಗಲಿ, ಡಿಪ್ಲೊಮಾಗಾಗಲಿ ಸೇರಬೇಕಾದರೆ ಟಿ.ಸಿ. ಬೇಕೇ ಬೇಕು. ಅದನ್ನು ಒಯ್ಯಲು ಬಾರದ ಮಗು ಎಲ್ಲಿಯೂ ಸೇರಿಲ್ಲವೆಂದೇ ಅರ್ಥ. ಆ ಹದಿನೇಳರಲ್ಲಿ ಮೇಲಿದ್ದ ಅಂಕಪಟ್ಟಿಯನ್ನು ನಾನು ಕೈಗೆತ್ತಿಕೊಂಡು ನೋಡಿದೆ. 625ಕ್ಕೆ 431 ಅಂಕ. ಗಣಿತದಲ್ಲಿ 71.

ಇದೇ ವಿಜಯಪುರ ಜಿಲ್ಲೆಯ ತೊರವಿಯಲ್ಲಿ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಬೆಳಗಾವಿಯಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಜಮಖಂಡಿಯಲ್ಲಿ 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯ. ಇವುಗಳ ಜೊತೆಗೆ ವೈದ್ಯಕೀಯ ಶಿಕ್ಷಣ ನೀಡುವ ಡೀಮ್ಡ್ ವಿಶ್ವವಿದ್ಯಾಲಯಗಳೂ ಇವೆ. ಮೂವತ್ತು ವರ್ಷಗಳ ಹಿಂದೆ ಪದವಿಯ ಮಾತೆತ್ತಿದರೆ ಧಾರವಾಡದ ಹೆಸರು ಹೇಳುತ್ತಿದ್ದ ಮೂರು ಜಿಲ್ಲೆಗಳಿಗೆ ಇದು ಸಣ್ಣ ಬದಲಾವಣೆಯಲ್ಲ. ಆದರೂ ಆ ಕಟ್ಟಿನಲ್ಲಿರುವ ಮಕ್ಕಳಿಗೂ ಈ ಕ್ಯಾಂಪಸ್ಸುಗಳಿಗೂ ನಡುವಿನ ದೂರ ಕಡಿಮೆಯಾಗಿಲ್ಲ. ಬಡ ಮಕ್ಕಳನ್ನು ತಲುಪಲು ವಿಶ್ವವಿದ್ಯಾಲಯಗಳು ಏನೂ ಮಾಡುತ್ತಿಲ್ಲ ಎಂಬುದು ನನ್ನ ದೂರಲ್ಲ. ಮಾಡುವುದನ್ನು ಅವು ತಡವಾಗಿ ಮಾಡುತ್ತವೆ, ಒಂದು ದಿನದ ಮಟ್ಟಿಗೆ ಮಾಡುತ್ತವೆ, ಮತ್ತು ಹೇಗಿದ್ದರೂ ಮುಂದೆ ಓದಲಿರುವ ಮಕ್ಕಳನ್ನೇ ಆರಿಸಿಕೊಂಡು ಮಾಡುತ್ತವೆ.

ಕಾಗದದ ಮೇಲೆ ಈ ಹೊಣೆ ಹೊಸದೇನೂ ಅಲ್ಲ. ಬೋಧನೆ ಮತ್ತು ಸಂಶೋಧನೆಯಷ್ಟೇ ಮಹತ್ವದ ಮೂರನೆಯ ಆಯಾಮವೆಂದು ವಿಸ್ತರಣಾ ಕಾರ್ಯವನ್ನು, ಅಂದರೆ ಕ್ಯಾಂಪಸ್ಸಿನ ಹೊರಗೆ ಸಮಾಜದ ನಡುವೆ ಮಾಡುವ ಕೆಲಸವನ್ನು, ವಿಶ್ವವಿದ್ಯಾಲಯ ಅನುದಾನ ಆಯೋಗವು 1977ರಲ್ಲೇ ಒಪ್ಪಿಕೊಂಡಿತು. ಅದಕ್ಕೂ ಮೊದಲು, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಬಂದಿತ್ತು. 2014ರಲ್ಲಿ ಬಂದ ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಸಂಸ್ಥೆಯೂ ಕನಿಷ್ಠ ಐದು ಹಳ್ಳಿಗಳನ್ನು ದತ್ತು ಪಡೆಯಬೇಕಾಗುತ್ತದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನದಲ್ಲೂ ವಿಸ್ತರಣಾ ಚಟುವಟಿಕೆಗಳಿಗೆ ಅಂಕಗಳಿವೆ. ತೊಡಕು ಇರುವುದು ಇಲ್ಲಿಯೇ. ಎಷ್ಟು ಕಾರ್ಯಕ್ರಮ ನಡೆದವು, ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು, ಫೋಟೊ ಮತ್ತು ವರದಿ ಲಗತ್ತಿಸಲಾಗಿದೆಯೇ ಎಂಬುದನ್ನು ಎಣಿಸುವ ವ್ಯವಸ್ಥೆ ಇದ್ದಾಗ ಸಂಸ್ಥೆಗಳು ಕಾರ್ಯಕ್ರಮಗಳನ್ನೇ ಹೆಚ್ಚಿಸುತ್ತವೆ. ಎಂಟನೆಯ ತರಗತಿಯಲ್ಲಿ ಕಂಡ ಹುಡುಗಿ ಐದು ವರ್ಷಗಳ ನಂತರ ಎಲ್ಲಿದ್ದಾಳೆ ಎಂದು ಕೇಳುವ ಕಲಮು ಯಾವ ನಮೂನೆಯಲ್ಲಿಯೂ ಇಲ್ಲ.

ಅಂಥ ಒಂದು ಕಾರ್ಯಕ್ರಮಕ್ಕೆ ಕೆಲವು ವರ್ಷಗಳ ಹಿಂದೆ ನಾನೂ ಹೋಗಿದ್ದೆ. ಎರಡು ಪ್ರೌಢಶಾಲೆಗಳ ಮಕ್ಕಳು ಸಮವಸ್ತ್ರದಲ್ಲಿ ಬಂದಿದ್ದರು. ಗ್ರಂಥಾಲಯ ತೋರಿಸಿದರು, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದೊಳಗೆ ಈರುಳ್ಳಿ ಪೊರೆ ತೋರಿಸಿದರು, ಸಭಾಂಗಣದಲ್ಲಿ ಗುರಿ ಮತ್ತು ಪರಿಶ್ರಮದ ಬಗ್ಗೆ ಮೂರು ಭಾಷಣಗಳಾದವು, ಪಲಾವಿನ ಊಟವಾಯಿತು, ಬ್ಯಾನರ್ ಹಿಡಿದು ಗ್ರೂಪ್ ಫೋಟೊ ಆಯಿತು. ಬಸ್ಸಿನತ್ತ ನಡೆಯುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೊತೆಗಿದ್ದ ಉಪನ್ಯಾಸಕಿಯನ್ನು ಮೆಲ್ಲಗೆ ಕೇಳಿದಳು: “ಮೇಡಂ, ಇಲ್ಲಿ ಹಾಸ್ಟೆಲ್‌ನ್ಯಾಗ ಇರಾಕ ವರ್ಷಕ್ಕ ಎಷ್ಟ ರೊಕ್ಕ ಬೇಕ್ರಿ?” ಉಪನ್ಯಾಸಕಿಗೆ ಉತ್ತರ ಗೊತ್ತಿರಲಿಲ್ಲ. “ನೀ ಮೊದಲ ಚಲೋ ಓದವಾ, ಆಮ್ಯಾಲ ನೋಡೂಣು” ಎಂದರು. ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ದಿನ ಅಲ್ಲಿ ಯಾರಾದರೂ ಕೇಳಿದ ಅತ್ಯಂತ ಗಂಭೀರ ಪ್ರಶ್ನೆ ಅದು, ಮತ್ತು ಅದಕ್ಕೆ ಉತ್ತರ ಹೇಳುವವರು ಇಡೀ ಕಾರ್ಯಕ್ರಮದಲ್ಲಿ ಇರಲಿಲ್ಲ.

ಮಗು ಓದು ಬಿಡುವ ನಿರ್ಧಾರ ಯಾವಾಗ ಆಗುತ್ತದೆ ಎಂಬುದನ್ನು ಮೊದಲು ಸರಿಯಾಗಿ ತಿಳಿಯಬೇಕು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಪ್ರವೇಶ ಮೇಳ ನಡೆಸುವ ವಿಶ್ವವಿದ್ಯಾಲಯವು ಆಗಲೇ ಗಟ್ಟಿಯಾಗಿ ನಿಂತವರ ಜೊತೆ ಮಾತನಾಡುತ್ತಿರುತ್ತದೆ. ಕಾನೂನನ್ನೇ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ ಮಗುವಿನ ಬೆನ್ನಿಗೆ ನಿಲ್ಲುತ್ತದೆ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ತುಂಬಿದ ಮಗುವನ್ನು ಅಪಾಯಕಾರಿಯೆಂದು ಪಟ್ಟಿ ಮಾಡಿದ ಉದ್ಯೋಗಗಳನ್ನು ಬಿಟ್ಟು ಉಳಿದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಅಂದರೆ ಕಲಿಯುವ ಹಕ್ಕು ಮುಗಿಯುವ ವಯಸ್ಸೂ ದುಡಿಯಲು ಅನುಮತಿ ಸಿಗುವ ವಯಸ್ಸೂ ಒಂದೇ. ಎಂಟರಿಂದ ಒಂಬತ್ತಕ್ಕೆ ಹೋಗುವ ಆ ಬೇಸಿಗೆಯಲ್ಲಿ ಎಷ್ಟೋ ಮನೆಗಳಲ್ಲಿ ಲೆಕ್ಕಾಚಾರ ಬದಲಾಗುವುದು ಇದೇ ಕಾರಣಕ್ಕೆ.

ನಮ್ಮ ಭಾಗದಲ್ಲಿ ಇದಕ್ಕೆ ಕಬ್ಬಿನ ಕ್ಯಾಲೆಂಡರ್ ಸೇರಿಕೊಳ್ಳುತ್ತದೆ. ವಿಜಯಪುರದ ಲಂಬಾಣಿ ತಾಂಡಾಗಳಿಂದ, ಮಳೆಯನ್ನೇ ನಂಬಿದ ಹಳ್ಳಿಗಳಿಂದ ಕುಟುಂಬಗಳು ದೀಪಾವಳಿಯ ಹಿಂದೆಮುಂದೆ ಗ್ಯಾಂಗು ಕಟ್ಟಿಕೊಂಡು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಮತ್ತು ಗಡಿಯಾಚೆ ಸಾಂಗ್ಲಿ, ಕೊಲ್ಹಾಪುರದ ಕಬ್ಬಿನ ಗದ್ದೆಗಳಿಗೆ ಹೊರಡುತ್ತವೆ. ಗ್ಯಾಂಗನ್ನು ಕೆಲಸಕ್ಕೆ ಒಯ್ಯುವ ಮುಕಾದಮನಿಂದ ಮುಂಗಡ ಹಣ ಪಡೆದಾಗಿರುತ್ತದೆ. ಕಾರ್ಖಾನೆಯ ಹಂಗಾಮು ಮುಗಿಯುವ ತನಕ ಮರಳುವಂತಿಲ್ಲ. ಆ ಐದು ತಿಂಗಳೇ ಪ್ರೌಢಶಾಲೆಯ ದ್ವಿತೀಯಾರ್ಧ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚ್ ತಿಂಗಳ ಕೊನೆಗೆ ಬರುತ್ತದೆ. ಚಿಕ್ಕ ಮಕ್ಕಳಿಗಾಗಿ ಋತುಮಾನದ ವಸತಿ ಕೇಂದ್ರಗಳು, ಟೆಂಟ್ ಶಾಲೆಗಳು ಇವೆ. ಆದರೆ ಹದಿನಾಲ್ಕರ ಹುಡುಗ ಮನೆಯವರ ಕಣ್ಣಿಗೆ ಚಿಕ್ಕವನಾಗಿ ಉಳಿದಿರುವುದಿಲ್ಲ, ಕಬ್ಬಿನ ಹೊರೆ ಕಟ್ಟುವ ಇನ್ನೊಂದು ಜೋಡಿ ಕೈಯಾಗಿರುತ್ತಾನೆ. ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವಳಾಗಿರುತ್ತಾಳೆ, ಇಲ್ಲವೇ ಅಜ್ಜಿಯ ಹತ್ತಿರ ಬಿಟ್ಟುಹೋಗಲು ಧೈರ್ಯ ಸಾಲದ್ದರಿಂದ ಮದುವೆಯ ಮಾತಿಗೆ ಬಂದವಳಾಗಿರುತ್ತಾಳೆ. ಇಂಥ ಮಗುವಿನ ಮುಂದೆ ವಿಶ್ವವಿದ್ಯಾಲಯ ಫೆಬ್ರವರಿಯಲ್ಲಿ ವಿಜ್ಞಾನ ದಿನಾಚರಣೆ ಇಟ್ಟುಕೊಂಡರೆ, ಆ ಮಗು ಆ ದಿನ ಊರಿನಲ್ಲೇ ಇರುವುದಿಲ್ಲ.

ತಡವಾಗಿ ಬಂದ ಮಾಹಿತಿ ಎಷ್ಟು ನಷ್ಟ ಮಾಡುತ್ತದೆ ಎಂಬುದಕ್ಕೆ ಗ್ರಾಮೀಣ ಕೋಟಾ ಒಂದೇ ಸಾಕು. ವೃತ್ತಿಪರ ಕೋರ್ಸುಗಳ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಸೌಲಭ್ಯ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಿಗೆ ಇಲ್ಲದಿರುವಾಗ ನಮ್ಮ ಹಳ್ಳಿಯ ಮಗುವಿಗೆ ಇವೆರಡೂ ದೊಡ್ಡ ಆಸರೆ. ಆದರೆ ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೆಯ ತರಗತಿವರೆಗೆ ಹತ್ತು ಪೂರ್ಣ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಿಗೂ ಹತ್ತು ವರ್ಷ ಕನ್ನಡದಲ್ಲೇ ಕಲಿತಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಏಳನೆಯ ತರಗತಿವರೆಗೆ ತಾಂಡಾದ ಶಾಲೆಯಲ್ಲಿ ಕಲಿತ ಜಾಣ ಹುಡುಗನನ್ನು ಒಳ್ಳೆಯದಾಗಲೆಂದು ಎಂಟಕ್ಕೆ ತಾಲ್ಲೂಕು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಚ್ಚಿದರೆ, ಆ ಒಂದು ನಿರ್ಧಾರದಿಂದ ಎರಡೂ ಕೋಟಾಗಳು ಕೈತಪ್ಪುತ್ತವೆ. ಪಟ್ಟಣದ ಶಾಲೆ ಅಷ್ಟು ಒಳ್ಳೆಯದಿದ್ದರೆ ಅದು ಸರಿಯಾದ ನಿರ್ಧಾರವೇ ಆಗಿರಬಹುದು. ಆದರೆ ಅಪ್ಪ ಅವ್ವ ಅದನ್ನು ತಿಳಿದು ಮಾಡಿರುವುದಿಲ್ಲ. ಐದು ವರ್ಷಗಳ ಮೇಲೆ ದಾಖಲೆ ಪರಿಶೀಲನೆಯ ಕೌಂಟರಿನ ಮುಂದೆ ನಿಂತಾಗ ಅವರಿಗೆ ತಿಳಿಯುತ್ತದೆ. ಈ ಮಾತನ್ನು ಏಳನೆಯ ತರಗತಿಯ ಪಾಲಕರ ಸಭೆಯಲ್ಲಿ ಹೇಳಬೇಕಾದವರು ಯಾರು? ಸೀಟು ಕೊಡುವ ನಿಯಮ ಬಲ್ಲವರು ವಿಶ್ವವಿದ್ಯಾಲಯದ ಕಡೆಯಲ್ಲಿದ್ದಾರೆ, ಅದು ಬೇಕಾದವರು ತಾಂಡಾದಲ್ಲಿದ್ದಾರೆ.

ರಾಷ್ಟ್ರೀಯ ಮೀನ್ಸ್-ಕಮ್-ಮೆರಿಟ್ ವಿದ್ಯಾರ್ಥಿವೇತನವೂ ಹೀಗೆಯೇ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ನಾಲ್ಕು ವರ್ಷಕ್ಕೆ 48,000 ರೂಪಾಯಿ. ಮಗನನ್ನು ಕಬ್ಬಿಗೆ ಕರೆದೊಯ್ಯಬೇಕೋ ಬೇಡವೋ ಎಂದು ತೂಗಿ ನೋಡುವ ಮನೆಯಲ್ಲಿ ಈ ಹಣಕ್ಕೆ ನಿಜವಾದ ತೂಕವಿದೆ. ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯದ 90 ಪ್ರಶ್ನೆ, ಪಾಠ ವಿಷಯಗಳ 90 ಪ್ರಶ್ನೆ. ಸಂಖ್ಯಾ ಸರಣಿ, ಆಕೃತಿ ಹೊಂದಾಣಿಕೆಯಂಥ ಪ್ರಶ್ನೆಗಳನ್ನು ಮೊದಲ ಬಾರಿಗೆ ಪರೀಕ್ಷಾ ಕೊಠಡಿಯಲ್ಲೇ ನೋಡುವ ಮಗು ಅಲ್ಲಿಯೇ ಸೋಲುತ್ತದೆ. ಅದನ್ನು ಎರಡು ತಿಂಗಳ ಶನಿವಾರಗಳಲ್ಲಿ ಕಲಿಸಿಕೊಡಲು ಪ್ರಾಧ್ಯಾಪಕರೇ ಬೇಕೆಂದಿಲ್ಲ, ಎಂ.ಎಸ್‌ಸಿ. ಗಣಿತದ ವಿದ್ಯಾರ್ಥಿನಿ ಸಾಕು.

ಇನ್ನೊಂದು ತೊಡಕನ್ನು ಬೇಗ ಹೇಳಿಬಿಡುತ್ತೇನೆ. ಪ್ರೌಢಶಾಲೆಗಳು ಶಾಲಾ ಶಿಕ್ಷಣದ ಉಪನಿರ್ದೇಶಕರಾದ ಡಿಡಿಪಿಐ ಕೈಕೆಳಗಿವೆ, ಪಿಯು ಕಾಲೇಜುಗಳು ಪದವಿಪೂರ್ವ ಇಲಾಖೆಯ ಉಪನಿರ್ದೇಶಕರ ಕೈಕೆಳಗೆ, ಪದವಿ ಕಾಲೇಜುಗಳು ಕಾಲೇಜು ಶಿಕ್ಷಣ ಇಲಾಖೆಗೆ ಸೇರಿವೆ, ವಿಶ್ವವಿದ್ಯಾಲಯಗಳು ಉನ್ನತ ಶಿಕ್ಷಣ ಇಲಾಖೆಯ ಜೊತೆ ಪತ್ರ ವ್ಯವಹಾರ ಮಾಡುತ್ತವೆ. ಮಗು ಒಂದೇ ದಾರಿಯಲ್ಲಿ ನಡೆಯುತ್ತದೆ, ಆ ದಾರಿಯ ಒಂದೊಂದು ತುಂಡಿಗೆ ಒಬ್ಬೊಬ್ಬ ಅಧಿಕಾರಿ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ ಬಿದ್ದುಹೋದ ಮಗು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬೇರೆ ದೇಶಗಳು ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿವೆ, ಮತ್ತು ಅವುಗಳ ಅನುಭವದಲ್ಲಿ ನಮಗೆ ಬೇಕಾದದ್ದು ಕೆಲವಿದೆ. ಅಮೆರಿಕದಲ್ಲಿ 1964ರ ಆರ್ಥಿಕ ಅವಕಾಶ ಕಾಯ್ದೆಯಿಂದ ಹುಟ್ಟಿದ ಅಪ್‌ವರ್ಡ್ ಬೌಂಡ್ ಕಾರ್ಯಕ್ರಮವು ಬಡ ಕುಟುಂಬದ ಮತ್ತು ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಹೋಗಬೇಕಾದ ಪ್ರೌಢಶಾಲಾ ಮಕ್ಕಳಿಗೆ ವರ್ಷವಿಡೀ ಪಾಠ, ಮಾರ್ಗದರ್ಶನ ಮತ್ತು ಬೇಸಿಗೆಯಲ್ಲಿ ಕೆಲವು ವಾರ ಕ್ಯಾಂಪಸ್ಸಿನಲ್ಲಿ ವಾಸದ ವ್ಯವಸ್ಥೆ ಮಾಡುತ್ತದೆ. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಅದರ ಪರಿಣಾಮವನ್ನು ಅಳೆದಾಗ, ಒಟ್ಟಾರೆ ಮಕ್ಕಳ ಮೇಲೆ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಆದರೆ ತಾನು ಪದವಿ ಪಡೆಯುತ್ತೇನೆಂದು ಮೊದಲು ಎಣಿಸಿರದ ಮಕ್ಕಳಲ್ಲಿ ಪರಿಣಾಮ ಎದ್ದು ಕಂಡಿತು. ಈ ಫಲಿತಾಂಶವನ್ನು ನಮ್ಮ ಪದ್ಧತಿಯ ಪಕ್ಕದಲ್ಲಿಟ್ಟು ನೋಡಬೇಕು. ಇನ್‌ಸ್ಪೈರ್ ವಿಜ್ಞಾನ ಶಿಬಿರಕ್ಕೆ ನಾವು ಹತ್ತನೆಯ ತರಗತಿಯಲ್ಲಿ ಮೇಲಿನ ಶೇ 1ರೊಳಗೆ ಬಂದ ಮಕ್ಕಳನ್ನು ಕರೆಯುತ್ತೇವೆ. ಆ ಶಿಬಿರದ ಉದ್ದೇಶವೇ ಬೇರೆ, ಅದು ಇರಲಿ. ಆದರೆ ಶಾಲೆಗೆ ಪತ್ರ ಬರೆದು “ನಿಮ್ಮ ಹತ್ತು ಪ್ರತಿಭಾವಂತ ವಿದ್ಯಾರ್ಥಿಗಳನ್ನು ಕಳುಹಿಸಿ” ಎನ್ನುವುದು ನಮ್ಮಲ್ಲಿ ಎಲ್ಲ ಕಾರ್ಯಕ್ರಮಗಳ ರೂಢಿಯಾಗಿಬಿಟ್ಟಿದೆ. ಕಳುಹಿಸದೆ ಉಳಿದ ಹನ್ನೊಂದನೆಯವಳಿಗೇ ಆ ದಿನ ಹೆಚ್ಚು ಬೇಕಾಗಿತ್ತು.

ಇಂಗ್ಲೆಂಡಿನಲ್ಲಿ 2012ರಲ್ಲಿ ಶುಲ್ಕದ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿದಾಗ, 6,000 ಪೌಂಡಿಗಿಂತ ಹೆಚ್ಚು ಶುಲ್ಕ ಪಡೆಯುವ ವಿಶ್ವವಿದ್ಯಾಲಯವು ಹಿಂದುಳಿದ ವಿದ್ಯಾರ್ಥಿಗಳನ್ನು ಹೇಗೆ ತಲುಪುತ್ತೇನೆಂದು ಒಪ್ಪಂದ ಬರೆದುಕೊಡಬೇಕಾಯಿತು, ಮತ್ತು ಹೆಚ್ಚುವರಿ ಶುಲ್ಕದ ಒಂದು ಪಾಲನ್ನು ಅದಕ್ಕೇ ಖರ್ಚು ಮಾಡಬೇಕಾಯಿತು. ಪದವಿಗೆ ಹೋಗುವ ಯುವಜನರ ಪ್ರಮಾಣ ನೋಡಿ ಸಣ್ಣ ಸಣ್ಣ ಪ್ರದೇಶಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿಟ್ಟಿದ್ದಾರೆ; ಕಾರ್ಯಕ್ರಮಗಳು ಕೊನೆಯ ದರ್ಜೆಯ ಪ್ರದೇಶಗಳತ್ತ ತಿರುಗಬೇಕು. ಹೀಟ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಭಾಗವಹಿಸಿದ ಮಗುವಿನ ಹೆಸರು ದಾಖಲಾಗಿ, ಮುಂದೆ ಅದು ಎಲ್ಲಿ ಸೇರಿತೆಂಬುದು ವರ್ಷಗಳ ನಂತರವೂ ತಿಳಿಯುತ್ತದೆ. ಅಲ್ಲಿಯೂ ಎಲ್ಲ ಸುಗಮವಾಗಿಲ್ಲ: 2004ರಲ್ಲಿ ಆರಂಭವಾದ ಏಮ್‌ಹೈಯರ್ ಎಂಬ ದೊಡ್ಡ ಯೋಜನೆಗೆ 2011ರಲ್ಲಿ ಸರ್ಕಾರವೇ ಹಣ ನಿಲ್ಲಿಸಿತು. ಶುಲ್ಕದ ಆ ದಾರಿ ನಮಗೆ ಬೇಡ. ಪ್ರದೇಶ ನೋಡಿ ಆರಿಸುವುದು ಮತ್ತು ಮಗುವಿನ ಬೆನ್ನು ಹತ್ತಿ ಹೋಗುವುದು, ಇವೆರಡನ್ನು ಮಾತ್ರ ತೆಗೆದುಕೊಳ್ಳಬಹುದು. ಯಾವ ತಾಂಡಾದಿಂದ, ಯಾವ ಹಳ್ಳಿಯಿಂದ ಎಷ್ಟು ಗ್ಯಾಂಗು ಹೊರಡುತ್ತವೆ ಎಂಬುದನ್ನು ತಿಳಿಯಲು ನಮ್ಮಲ್ಲಿ ಸಂಶೋಧನೆ ಬೇಕಿಲ್ಲ, ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಅರ್ಧ ತಾಸು ಕೂತರೆ ಗೊತ್ತಾಗುತ್ತದೆ.

ಹೊರಗಿನ ಉದಾಹರಣೆಗಳಿಗಿಂತ ನನಗೆ ಹೆಚ್ಚು ಹತ್ತಿರವಾದದ್ದು ಈ ನೆಲದ್ದೇ ಒಂದು ಪರಂಪರೆ. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ, ವಿಜಯಪುರದಲ್ಲಿ 1910ರಲ್ಲಿ ಫ.ಗು. ಹಳಕಟ್ಟಿಯವರು ಮುಂದೆ ನಿಂತು ಕಟ್ಟಿದ ಬಿಎಲ್‌ಡಿಇ ಸಂಸ್ಥೆ, ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟಿದ ಕಾಲದಲ್ಲಿ, ಶಾಲೆಯ ಜೊತೆಗೆ ಮಠಗಳ ಉಚಿತ ಪ್ರಸಾದ ನಿಲಯಗಳೂ ಬೆಳೆದವು. ಹಳ್ಳಿಯ ಹುಡುಗನಿಗೆ ಊರಿನಲ್ಲಿ ಎರಡು ಹೊತ್ತಿನ ಊಟ, ಮಲಗಲು ಜಾಗ ಸಿಕ್ಕಿದ ಮೇಲೆ ಓದು ತಾನಾಗಿ ಸಾಧ್ಯವಾಯಿತು. ಭಾಷಣದಿಂದ ಯಾರೂ ಮೆಟ್ರಿಕ್ ಮುಗಿಸಲಿಲ್ಲ. ಇಂದು ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು ಆರರಿಂದ ಹತ್ತರವರೆಗೆ ಅದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತಿವೆ. ಪಿಯುಸಿಗೆ ಬಂದಾಗ ಮೆಟ್ರಿಕ್ ನಂತರದ ಹಾಸ್ಟೆಲ್ಲಿನ ಅರ್ಜಿ ಯಾವಾಗ ಹಾಕಬೇಕು, ಊಟ ವಸತಿಗೆ ನೆರವು ಕೊಡುವ ವಿದ್ಯಾಸಿರಿಗೆ ಯಾರು ಅರ್ಹರು, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸದೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ ಎಂಬ ಮಾಹಿತಿ ಯಾವ ಒಂದು ಕಡೆಯಲ್ಲೂ ಮಗುವಿಗೆ ಸಿಗುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ, ಇದು ನಿಜವಾದ ಉಪಕಾರ. ಸಂಜೆ ಆರರ ನಂತರ ಊರಿಗೆ ಬಸ್ಸೇ ಇಲ್ಲದಿದ್ದರೆ ಮಾತ್ರ ಹಾಸ್ಟೆಲ್ಲೇ ಗತಿ. ಆ ಹುಡುಗಿ ಕೇಳಿದ ಪ್ರಶ್ನೆ ಇದರ ಬಗ್ಗೆಯೇ ಇತ್ತು.

ವಿಶ್ವವಿದ್ಯಾಲಯಗಳ ಕಷ್ಟವನ್ನೂ ಹೇಳಬೇಕು. ನಮ್ಮಲ್ಲಿ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರಿಗೆ ಐದು ವರ್ಷದ ಹೊಣೆ ಒಪ್ಪಿಸುವುದು ನ್ಯಾಯವಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬಾಗಲಕೋಟೆಯದೂ ಸೇರಿತ್ತು. ತನ್ನ ನಾಳೆಯೇ ಖಾತ್ರಿಯಿಲ್ಲದ ಸಂಸ್ಥೆ ಎಂಟನೆಯ ತರಗತಿಯ ಮಗುವಿಗೆ ಏನು ಭರವಸೆ ಕೊಡಲು ಸಾಧ್ಯ? ಹಾಗೆಯೇ, ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಅದನ್ನು ತುಂಬುವುದು ಸರ್ಕಾರದ ಕೆಲಸ. ಪದವಿ ವಿದ್ಯಾರ್ಥಿಗಳ ಶನಿವಾರದ ಪಾಠವನ್ನು ತೋರಿಸಿ ಆ ಹುದ್ದೆಯನ್ನು ಮರೆಯುವಂತಾಗಬಾರದು.

ಆದರೂ ಹಣವಿಲ್ಲ, ಜನರಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಜನ ಆಗಲೇ ಶಾಲೆಯೊಳಗಿದ್ದಾರೆ. ಎರಡು ವರ್ಷದ ಬಿ.ಇಡಿ. ಪದ್ಧತಿಯಲ್ಲಿ ಪ್ರಶಿಕ್ಷಣಾರ್ಥಿಗಳು ಇಪ್ಪತ್ತು ವಾರ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಪಾಠಯೋಜನೆ ಬರೆದು, ಚಾರ್ಟು ಅಂಟಿಸಿ, ಸಹಿ ಹಾಕಿಸಿಕೊಂಡು ಬರುವ ಆ ಇಪ್ಪತ್ತು ವಾರಗಳನ್ನು ಯಾವ ವಿಶ್ವವಿದ್ಯಾಲಯವೂ ತನ್ನ ವಿಸ್ತರಣಾ ಕಾರ್ಯವೆಂದು ಎಣಿಸಿದ್ದನ್ನು ನಾನು ನೋಡಿಲ್ಲ. ಒಬ್ಬೊಬ್ಬ ಪ್ರಶಿಕ್ಷಣಾರ್ಥಿಗೆ ಎಂಟನೆಯ ತರಗತಿಯ ಐದು ಮಕ್ಕಳನ್ನು ಒಪ್ಪಿಸಿ, ಅವರ ಮನೆಗೆ ಹೋಗಿ ಬರುವುದನ್ನೂ ದಾಖಲೆಗಳು ಸರಿ ಇವೆಯೇ ನೋಡುವುದನ್ನೂ ಇಂಟರ್ನ್‌ಶಿಪ್ಪಿನ ಅಂಕಕ್ಕೇ ಸೇರಿಸಿದರೆ ಹೊಸ ಹಣದ ಅಗತ್ಯವೇ ಬೀಳುವುದಿಲ್ಲ. ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು; ಅದರಲ್ಲಿ ಅರ್ಧವನ್ನು ಒಂದೇ ಶಾಲೆಗೆ ಕೊಡಬಹುದು. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಅದೇ ವರ್ಷ ವೆಬ್‌ಕಾಸ್ಟಿಂಗ್ ನಿಗಾದಡಿ ನಡೆದ ಮೊದಲ ಪರೀಕ್ಷೆಯ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಹೀಗೆ ಒಂದೆರಡು ವಿಷಯದಲ್ಲಿ ಉಳಿದ ಮಗುವಿಗೆ ಎರಡನೆಯ ಪರೀಕ್ಷೆಯ ತನಕ ಸಿಗುವುದು ಕೆಲವೇ ವಾರ. ಕಬ್ಬಿಗೆ ಹೋದವರು ಮರಳಿ ಊರಿಗೆ ಬಂದಿರುವುದೂ ಅದೇ ದಿನಗಳಲ್ಲಿ. ಕ್ಯಾಂಪಸ್ಸಿನ ಹಾಸ್ಟೆಲ್ ಕೊಠಡಿಗಳು ರಜೆಯಲ್ಲಿ ಖಾಲಿ ಇದ್ದರೆ, ಅಲ್ಲಿ ಮೂರು ವಾರ ಈ ಮಕ್ಕಳನ್ನು ಇಟ್ಟುಕೊಂಡು ಗಣಿತ, ಇಂಗ್ಲಿಷ್ ಕಲಿಸುವುದು ಇಡೀ ವರ್ಷದ ಮೇಳಗಳಿಗಿಂತ ಹೆಚ್ಚು ಫಲ ಕೊಡುತ್ತದೆ. ಹೆಣ್ಣುಮಕ್ಕಳನ್ನು ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ ಎಂಬುದು ನಿಜ. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿರುವುದರಿಂದ ಆ ಹಿಂಜರಿಕೆಗೆ ಇಲ್ಲಿ ಸಿಗುವಷ್ಟು ಒಳ್ಳೆಯ ಉತ್ತರ ಬೇರೆಲ್ಲೂ ಸಿಗಲಾರದು.

ಕರ್ನಾಟಕದ ಉನ್ನತ ಶಿಕ್ಷಣ ದಾಖಲಾತಿ ಪ್ರಮಾಣ 2021-22ರಲ್ಲಿ ಶೇ 36.2 ಇತ್ತು, 2035ರ ಹೊತ್ತಿಗೆ ಇಡೀ ದೇಶದ ಪ್ರಮಾಣವನ್ನು ಶೇ 50ಕ್ಕೆ ಒಯ್ಯುವ ಗುರಿಯನ್ನು ರಾಷ್ಟ್ರೀಯ ಶಿಕ್ಷಣ ನೀತಿ ಇಟ್ಟಿದೆ. ಹೊಸ ಕಟ್ಟಡಗಳಿಂದ ಆ ಅಂಕಿ ಏರುವುದಿಲ್ಲ. ಹಾಗಾದರೆ ಎಲ್ಲಿಂದ ಆರಂಭಿಸಬೇಕೆಂದು ಯಾರಾದರೂ ಕೇಳಿದರೆ, ಮೂರು ಜಿಲ್ಲೆಗಳ ಪ್ರೌಢಶಾಲೆಗಳಿಗೆ ಒಂದೇ ಸಾಲಿನ ಪತ್ರ ಬರೆಯಿರಿ ಎನ್ನುತ್ತೇನೆ: ಕಳೆದ ಮೂರು ವರ್ಷಗಳಲ್ಲಿ ಪಾಸಾಗಿಯೂ ಟಿ.ಸಿ. ಒಯ್ಯದ ಮಕ್ಕಳ ಹೆಸರು ಕಳುಹಿಸಿ. ಪ್ರತಿಭಾವಂತರ ಪಟ್ಟಿಗಿಂತ ಬೇರೆಯಾದ ಪಟ್ಟಿಯೊಂದು ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೇಜಿನ ಮೇಲೆ ಬರುತ್ತದೆ. ಆ ಮಕ್ಕಳ ವಯಸ್ಸು ಈಗ ಹದಿನಾರರಿಂದ ಹತ್ತೊಂಬತ್ತು. ಪಿಯುಸಿಗೂ ಡಿಪ್ಲೊಮಾಗೂ ಅವರಿಗೆ ಇನ್ನೂ ಅವಕಾಶವಿದೆ, ಮತ್ತು ಡಿಪ್ಲೊಮಾ ಮುಗಿಸಿದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದು ಅವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಇಂಡಿಯ ಆ ಮುಖ್ಯೋಪಾಧ್ಯಾಯರನ್ನು, ಈ ಹದಿನೇಳು ಮಕ್ಕಳಲ್ಲಿ ಎಷ್ಟು ಮಂದಿಯ ಫೋನ್ ನಂಬರ್ ನಿಮ್ಮ ಹತ್ತಿರ ಇದೆ ಎಂದು ಕೇಳಿದೆ. ಅವರು ಹಾಜರಿ ಪುಸ್ತಕದ ಹಿಂದಿನ ಪುಟ ತೆರೆದು ಪೆನ್ಸಿಲಿನಿಂದ ಬರೆದ ಸಾಲುಗಳ ಮೇಲೆ ಬೆರಳಾಡಿಸಿದರು. “ಒಂಬತ್ತ ಮಂದಿದು ಅದಾವ್ರಿ,” ಎಂದರು. “ಹಚ್ಚಿದ್ರ ಹತ್ತತಾವ.”